ಕೆಲಸದ ಜೊತೆ ಕಾರಣವನ್ನೂ ಹೇಳಿಕೊಡಿ

ಬೆಂಗಳೂರಿನ ಪೀಣ್ಯದ ಸಣ್ಣ ಕಾರ್ಖಾನೆಗಳ ಮಾಲೀಕರೇ, ಸೂಪರ್‌ವೈಸರ್‌ಗಳೇ, ಸೆಟ್ಟರ್ ಅಣ್ಣಂದಿರೇ,



ನಾನು ತುಮಕೂರು ಜಿಲ್ಲೆಯವಳು. ಹತ್ತನೇ ತರಗತಿವರೆಗೆ ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿದೆ. ಆಮೇಲೆ ಸರ್ಕಾರಿ ಪಾಲಿಟೆಕ್ನಿಕ್ ಸೇರಿ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದೆ. ಕೊನೆಯ ಸೆಮಿಸ್ಟರಿನ ಇಂಟರ್ನ್‌ಶಿಪ್ ನಿಮ್ಮ ಪೀಣ್ಯದಲ್ಲೇ ಆಯಿತು. ಶಾಫ್ಟು, ಬುಷ್ಷು, ಪಿನ್ನುಗಳನ್ನು ಟರ್ನಿಂಗ್ ಮಾಡಿ ದೊಡ್ಡ ಕಂಪನಿಗಳಿಗೆ ಕೊಡುವ ಜಾಬ್‌ವರ್ಕ್ ಕಾರ್ಖಾನೆ ಅದು. ನಾಲ್ಕಾರು ಸಿಎನ್‌ಸಿ ಮೆಷಿನ್, ಎರಡು ಹಳೆಯ ಲೇತ್, ಒಂದು ಗ್ರೈಂಡಿಂಗ್ ಮೆಷಿನ್, ಮೂಲೆಯಲ್ಲೊಂದು ಇನ್‌ಸ್ಪೆಕ್ಷನ್ ಟೇಬಲ್. ಪೀಣ್ಯದ ಯಾವ ಅಡ್ಡರಸ್ತೆಗೆ ಹೋದರೂ ಇಂಥದ್ದೊಂದು ಕಾರ್ಖಾನೆ ಸಿಗುತ್ತದೆ. ಅದಕ್ಕೇ ಈ ಪತ್ರವನ್ನು ಯಾವುದೋ ಒಂದು ವಿಳಾಸಕ್ಕೆ ಬರೆಯದೆ ನಿಮ್ಮೆಲ್ಲರಿಗೂ ಬರೆಯುತ್ತಿದ್ದೇನೆ.

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನ ಬ್ಯಾಚಿನ ಹುಡುಗ ಹುಡುಗಿಯರು ಕಾಲೇಜಿನ ಪತ್ರ ಹಿಡಿದು ನಿಮ್ಮ ಗೇಟಿಗೆ ಬರುತ್ತಾರೆ. ಅವರಿಗೆ ಎಂಥ ಕೆಲಸವನ್ನಾದರೂ ಕೊಡಿ, ಆದರೆ ಅದರ ಕಾರಣ ಹೇಳದೆ ಕೊಡಬೇಡಿ. ನನ್ನ ಬೇಡಿಕೆ ಇಷ್ಟೇ. ಇದನ್ನೇಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಎಂದು ವಿವರಿಸಲು ಹೋಗಿ ಪತ್ರ ಸ್ವಲ್ಪ ಉದ್ದವಾಗಿದೆ. ದಯವಿಟ್ಟು ಪೂರ್ತಿ ಓದಿ.

ಇಂಟರ್ನ್‌ಶಿಪ್‌ಗೆ ಬಂದವರಿಗೆ ಮೊದಲು ಸಿಗುವ ಕೆಲಸಗಳು ನಿಮಗೆ ಗೊತ್ತೇ ಇವೆ. ಮೆಷಿನ್ನಿಗೆ ಜಾಬ್ ಹಾಕುವುದು, ಮುಗಿದ ಮೇಲೆ ತೆಗೆಯುವುದು, ಅರ ಹಿಡಿದು ಬರ್ ತೆಗೆಯುವುದು, ಎಣ್ಣೆ ಹಚ್ಚಿ ಟ್ರೇಯಲ್ಲಿ ಜೋಡಿಸುವುದು, ಎಣಿಸಿ ಜಾಬ್ ಕಾರ್ಡಿನಲ್ಲಿ ಬರೆಯುವುದು. ನನಗೂ ಇವೇ ಸಿಕ್ಕವು. ಈ ಕೆಲಸಗಳು ಕೀಳು ಎಂದು ನಾನು ಖಂಡಿತ ಹೇಳುವುದಿಲ್ಲ. ಬರ್ ತೆಗೆಯದ ಪಿನ್ನು ಅಸೆಂಬ್ಲಿಯಲ್ಲಿ ಕೂರುವುದಿಲ್ಲ, ಕೂತರೂ ಚೂರು ಲೋಹ ಕಳಚಿ ಬೇರಿಂಗಿಗೆ ಬೀಳುತ್ತದೆ. ಆ ಕೆಲಸವನ್ನು ಯಾರಾದರೂ ಮಾಡಲೇಬೇಕು. ಆದರೆ ಬರ್ ತೆಗೆಯಲು ಕೂರಿಸಿದವರು ಈ ಒಂದು ಮಾತನ್ನು ಹೇಳಿದ್ದರೆ, ಕೈಯಲ್ಲಿರುವ ಪಿನ್ನು ಯಾವ ಯಂತ್ರದ ಯಾವ ಭಾಗಕ್ಕೆ ಹೋಗುತ್ತದೆ ಎಂದು ತೋರಿಸಿದ್ದರೆ, ಆ ದಿನವೆಲ್ಲ ಪಾಠವಾಗುತ್ತಿತ್ತು. ಹೇಳದಿದ್ದಾಗ ಸಂಜೆ ಹೊತ್ತಿಗೆ ಕೈ ನೋವು ಮಾತ್ರ ಉಳಿಯುತ್ತದೆ.

ನನಗೆ ಕಾರಣ ಹೇಳಿದವರು ನಮ್ಮ ಸೆಟ್ಟರ್. ವಯಸ್ಸಿನಲ್ಲಿ ನನ್ನ ತಂದೆಗಿಂತ ದೊಡ್ಡವರು. ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಅಣ್ಣ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಆಗ ನಡೆಯುತ್ತಿದ್ದದ್ದು 25 ಮಿಲಿಮೀಟರ್ ವ್ಯಾಸದ ಒಂದು ಶಾಫ್ಟು, ಡ್ರಾಯಿಂಗಿನಲ್ಲಿ ಎಚ್6 ಫಿಟ್. ಕಾಲೇಜಿನಲ್ಲಿ ಈ ಕೋಷ್ಟಕವನ್ನು ಪರೀಕ್ಷೆಗೆ ಓದಿದ್ದೆವು. 25ರ ಶಾಫ್ಟಿಗೆ ಎಚ್6 ಎಂದರೆ ವ್ಯಾಸ 25.000ಕ್ಕಿಂತ ಹೆಚ್ಚಾಗಬಾರದು, 24.987ಕ್ಕಿಂತ ಕಡಿಮೆಯಾಗಬಾರದು. ನಡುವೆ ಇರುವುದು 13 ಮೈಕ್ರಾನ್ ಮಾತ್ರ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಕೋಷ್ಟಕ ಬಾಯಿಪಾಠವಾಗಿತ್ತು, ಆ 13 ಮೈಕ್ರಾನಿನೊಳಗೆ ಒಂದು ದಿನ ಬದುಕುವುದು ಹೇಗೆಂದು ಮಾತ್ರ ಗೊತ್ತಿರಲಿಲ್ಲ.

ಮೆಷಿನ್ನಿನಿಂದ ಆಗಷ್ಟೇ ತೆಗೆದ ಶಾಫ್ಟನ್ನು ಅಣ್ಣ ಅಳೆಯುತ್ತಿರಲಿಲ್ಲ. ಸರ್ಫೇಸ್ ಪ್ಲೇಟಿನ ಮೇಲೆ ಇಟ್ಟು, ಹಿಂದಿನದನ್ನು ಎತ್ತಿ ಅಳೆಯುತ್ತಿದ್ದರು. ಯಾಕಣ್ಣ ಎಂದು ಕೇಳಿದೆ. "ಎತ್ತಿನ ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕೋದು ನೋಡಿದೀಯೇನಮ್ಮ? ಕೆಂಡದಲ್ಲಿ ಕಾಯಿಸಿ ಹಾಕ್ತಾರೆ, ನೀರು ಹುಯ್ದರೆ ಬಿಗಿಯಾಗಿ ಕಚ್ಚಿಕೊಳ್ಳುತ್ತೆ. ಇದೂ ಕಬ್ಬಿಣಾನೇ ಅಲ್ವಾ?" ಎಂದರು. ಆಮೇಲೆ ಜಾಬ್ ಕಾರ್ಡಿನ ಹಿಂದೆ ಲೆಕ್ಕ ಹಾಕಿ ತೋರಿಸಿದರು. ಉಕ್ಕು ಒಂದು ಡಿಗ್ರಿ ಬಿಸಿಯಾದರೆ ಒಂದು ಮೀಟರಿಗೆ 11ರಿಂದ 12 ಮೈಕ್ರಾನ್ ಹಿಗ್ಗುತ್ತದೆ. 25 ಮಿಲಿಮೀಟರ್ ಶಾಫ್ಟು 20 ಡಿಗ್ರಿ ಹೆಚ್ಚು ಬಿಸಿಯಿದ್ದರೆ ಸುಮಾರು 6 ಮೈಕ್ರಾನ್ ದಪ್ಪ ತೋರಿಸುತ್ತದೆ. ಬಿಸಿಯಿದ್ದಾಗ 24.990 ಎಂದು ಅಳೆದು ಸರಿಯಿದೆ ಎಂದುಕೊಂಡದ್ದು, ತಣ್ಣಗಾದ ಮೇಲೆ 24.984ಕ್ಕೆ ಇಳಿದು ರಿಜೆಕ್ಟ್ ಆಗುತ್ತದೆ. ಜಗತ್ತಿನಾದ್ಯಂತ ಅಳತೆಗಳನ್ನು 20 ಡಿಗ್ರಿ ಸೆಲ್ಸಿಯಸ್‌ಗೆ ಲೆಕ್ಕ ಇಡುವುದು, ದೊಡ್ಡ ಕಂಪನಿಗಳು ಅಳತೆಯ ಕೋಣೆಗೆ ಏಸಿ ಹಾಕಿಸುವುದು ಇದೇ ಕಾರಣಕ್ಕೆ.

ಪಾಲಿಟೆಕ್ನಿಕ್‌ನಲ್ಲಿ ಉಷ್ಣ ವಿಸ್ತರಣೆಯ ಸೂತ್ರವನ್ನು ಒಂದು ವಿಷಯದಲ್ಲಿ ಓದಿದ್ದೆವು, ಫಿಟ್‌ಗಳ ಕೋಷ್ಟಕವನ್ನು ಇನ್ನೊಂದು ವಿಷಯದಲ್ಲಿ ಓದಿದ್ದೆವು. ಎರಡೂ ಒಂದೇ ಶಾಫ್ಟಿನ ಮೇಲೆ ಕೂಡುತ್ತವೆ ಎಂದು ನನಗೆ ಕಂಡದ್ದು ಆವತ್ತು. ಅಷ್ಟನ್ನು ಹೇಳಲು ಅಣ್ಣನಿಗೆ ಒಂದು ಚಹಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಸೈಕಲ್ ಟೈಮ್ ನಡೆಯುತ್ತಲೇ ಇತ್ತು, ಮೆಷಿನ್ ನಿಲ್ಲಲಿಲ್ಲ.

ಅದಾದ ಮೇಲೆ ಆಫ್‌ಸೆಟ್ ಹೇಳಿಕೊಟ್ಟರು. ಇನ್‌ಸರ್ಟ್ ಸವೆಯುತ್ತಾ ಹೋದಂತೆ ಹೊರವ್ಯಾಸ ನಿಧಾನವಾಗಿ ದಪ್ಪವಾಗುತ್ತಾ ಬರುತ್ತದೆ. ಶಾಫ್ಟು 25.012 ಬಂದರೆ ಅದನ್ನು 24.994ಕ್ಕೆ ಇಳಿಸಲು ಎಕ್ಸ್ ಆಫ್‌ಸೆಟ್ಟಿನಲ್ಲಿ ಮೈನಸ್ 0.018 ಕೊಡಬೇಕು. ಮೈನಸ್ ಬದಲು ಪ್ಲಸ್ ಒತ್ತಿದರೆ ಮುಂದಿನ ಜಾಬ್ 25.030 ಬರುತ್ತದೆ. ಯಾವ ಗುಂಡಿ ಒತ್ತಬೇಕೆಂದು ತೋರಿಸಿ ಅವರು ಸುಮ್ಮನಾಗಬಹುದಿತ್ತು. ಟೂಲ್ ಯಾವ ಕಡೆ ಸರಿಯುತ್ತದೆ ಎಂದು ಕೈಯಲ್ಲಿ ತೋರಿಸಿದರು, ನನ್ನಿಂದ ಹೇಳಿಸಿದರು, ಆಮೇಲೆ ತಾವೇ ಎದುರು ನಿಂತು ನನ್ನ ಕೈಯಿಂದ ಒತ್ತಿಸಿದರು. ದಪ್ಪ ಬಂದ ಜಾಬನ್ನು ಮತ್ತೆ ಒಂದು ಕಟ್ ಕೊಟ್ಟು ಉಳಿಸಿಕೊಳ್ಳಬಹುದು, ಸಣ್ಣ ಆದದ್ದು ಗುಜರಿಗೇ ಹೋಗುವುದು, ಅದಕ್ಕೇ ಸೆಟ್ಟಿಂಗ್ ಮಾಡುವಾಗ ಯಾವಾಗಲೂ ಮೇಲಿನ ಅಂಚಿನ ಕಡೆಯಿಂದ ಇಳಿದು ಬರಬೇಕು ಎಂದರು. ಯಾವ ಪಠ್ಯದಲ್ಲೂ ನಾನು ಇದನ್ನು ಓದಿರಲಿಲ್ಲ.

ಕಾರಣ ತಿಳಿದ ಮೇಲೆ ಅದೇ ಕೆಲಸ ಬೇರೆಯಾಯಿತು. ಜಾಬ್ ಹಾಕುವುದು, ತೆಗೆಯುವುದು, ಅಳೆಯುವುದು, ಬರೆಯುವುದು ಎಲ್ಲವೂ ಮೊದಲಿನಂತೆಯೇ ಇದ್ದವು. ಆದರೆ ಬರೆದಿಟ್ಟ ಅಂಕಿಗಳನ್ನು ನಾನು ಓದತೊಡಗಿದೆ. ವ್ಯಾಸ ಮೈಕ್ರಾನ್ ಮೈಕ್ರಾನ್ ಮೇಲೇರುತ್ತಿದ್ದರೆ ಇನ್‌ಸರ್ಟಿನ ತುದಿ ಬದಲಿಸುವ ಹೊತ್ತು ಹತ್ತಿರ ಬಂತು ಎಂದರ್ಥ. ಏರದೆ ಒಮ್ಮೆಗೇ ಹಾರಿದರೆ ಚಕ್ಕಿನಲ್ಲಿ ಚಿಪ್ಸ್ ಸಿಕ್ಕಿಕೊಂಡು ಜಾಬ್ ಸರಿಯಾಗಿ ಕೂತಿಲ್ಲದಿರಬಹುದು. ಅಂಕಿ 25.000ರ ಅಂಚಿಗೆ ಬರುವ ಮೊದಲೇ ಅಣ್ಣನನ್ನು ಕರೆದು ತೋರಿಸುತ್ತಿದ್ದೆ. ಸಂಬಳವಿಲ್ಲದ ಒಬ್ಬ ವಿದ್ಯಾರ್ಥಿನಿ ನಿಮ್ಮ ರಿಜೆಕ್ಷನ್ ತಗ್ಗಿಸಲು ನೆರವಾಗಬಲ್ಲಳು. ಅದಕ್ಕೆ ಬೇಕಾದದ್ದು ಯಾರಾದರೂ ಅವಳಿಗೆ ಒಂದಿಷ್ಟು ಹೊತ್ತು ಮಾತಾಡಿ ತಿಳಿಸುವುದು.

ನನ್ನ ಜೊತೆ ಓದಿದ ಎಲ್ಲರಿಗೂ ಇಂಥ ಅಣ್ಣ ಸಿಗಲಿಲ್ಲ. ಒಬ್ಬ ಗೆಳೆಯನನ್ನು ಮೊದಲ ವಾರದಿಂದಲೇ ರಾತ್ರಿ ಪಾಳಿಯ ಆಪರೇಟರ್ ಮಾಡಿದರು. ಹಸಿರು ಗುಂಡಿ ಒತ್ತುವುದು ಬಿಟ್ಟು ಬೇರೇನನ್ನೂ ಅವನಿಗೆ ತೋರಿಸಲಿಲ್ಲ. ಇನ್ನೊಬ್ಬಳು ಆಫೀಸಿನಲ್ಲಿ ಕೂತು ಬಿಲ್ ಟೈಪ್ ಮಾಡಿದಳು. ಮತ್ತೊಬ್ಬನಿಗೆ ಬರುವುದೇ ಬೇಡ, ಕೊನೆಯಲ್ಲಿ ಸರ್ಟಿಫಿಕೇಟ್ ಒಯ್ಯಪ್ಪ ಎಂದರು. ಅವನೂ ಒಪ್ಪಿದ, ಹಿಂದಿನ ವರ್ಷದ ರಿಪೋರ್ಟಿನ ಹೆಸರು ಬದಲಿಸಿ ಕೊಟ್ಟ, ಪಾಸಾದ. ಈಗ ಇಂಟರ್ವ್ಯೂಗಳಲ್ಲಿ ಮೈಕ್ರೋಮೀಟರ್ ಕೈಗಿತ್ತು ಓದು ಎಂದರೆ ಬೆವರುತ್ತಾನೆ. ಆ ಕಾರ್ಖಾನೆಗಳ ಹೆಸರು ಹೇಳುವುದರಿಂದ ಏನೂ ಆಗಬೇಕಾದ್ದಿಲ್ಲ. ಆದರೆ ಅದೇ ಹುಡುಗನನ್ನು ಕೂರಿಸಿಕೊಂಡು ನೀವೇ ಮುಂದೆ ಕೇಳುತ್ತೀರಿ: ಡಿಪ್ಲೊಮಾ ಮಾಡಿ ಏನು ಕಲಿತೆ? ಆ ಪ್ರಶ್ನೆಗೆ ಉತ್ತರದ ಒಂದು ಪಾಲು ನಿಮ್ಮ ಗೇಟಿನೊಳಗೇ ಇದೆ.

ನಿಮ್ಮ ಕಷ್ಟ ನನಗೆ ಕಂಡಿಲ್ಲ ಎಂದಲ್ಲ. ಸಿಎನ್‌ಸಿ ಮೆಷಿನ್ ಸಾಲದ ಕಂತು ಪ್ರತಿ ತಿಂಗಳೂ ಕಟ್ಟಬೇಕು. ಜಾಬ್‌ವರ್ಕಿನ ದರವನ್ನು ಒಂದೊಂದು ಪೀಸಿಗೆ ಪೈಸೆ ಲೆಕ್ಕದಲ್ಲಿ ಚೌಕಾಸಿ ಮಾಡುತ್ತಾರೆ. ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ ಹಣ ಪಾವತಿಸಬೇಕೆಂದು 2006ರ ಕಾಯ್ದೆಯೇ ಹೇಳುತ್ತದೆ. ಆದರೂ ಬರಬೇಕಾದ ಹಣಕ್ಕೆ ಮಾಲೀಕರು ಫೋನ್ ಹಿಡಿದು ಕಾಯುವುದನ್ನು ನಾನೇ ನೋಡಿದ್ದೇನೆ. ಸಂಜೆ ಗಾಡಿ ಹೊರಡುವ ಹೊತ್ತಿಗೆ ಟ್ರೇ ತುಂಬಿರದಿದ್ದರೆ ಎಲ್ಲರ ತಲೆಯೂ ಬಿಸಿಯಾಗಿರುತ್ತದೆ. ಅಂಥ ಹೊತ್ತಿನಲ್ಲಿ ಏನೂ ಗೊತ್ತಿಲ್ಲದ ಹುಡುಗಿಯೊಬ್ಬಳು ಬಂದು ಯಾಕೆ ಸಾರ್ ಎಂದು ಕೇಳಿದರೆ ಸಿಟ್ಟು ಬರುವುದು ಸಹಜ. ಕಲಿಸಿ ಕಳಿಸಿದರೆ ನಾಳೆ ಬೇರೆ ಕಂಪನಿಗೆ ಹೋಗುತ್ತಾರೆ, ನಮಗೇನು ಲಾಭ ಎಂಬ ಮಾತೂ ನಿಮ್ಮಲ್ಲಿದೆ.

ಹೋಗುತ್ತಾರೆ, ನಿಜ. ಆದರೆ ನಿಮ್ಮಲ್ಲಿ ಎಷ್ಟೋ ಜನ ಹಾಗೆ ಹೊರಟು ಬಂದವರೇ ಅಲ್ಲವೇ? ಈ ಊರಿನ ಯಂತ್ರದ ಕೆಲಸ ಬೆಳೆದದ್ದೇ ಒಬ್ಬರು ಕಲಿಸಿ ಇನ್ನೊಬ್ಬರು ಬಳಸಿಕೊಂಡದ್ದರಿಂದ. ಬೆಂಗಳೂರಿನಲ್ಲಿ 1943ರಲ್ಲಿ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಎಂದು ಶುರುವಾದ ಎಸ್‌ಜೆ ಪಾಲಿಟೆಕ್ನಿಕ್‌ನ ಹಿಂದೆ ವಿಶ್ವೇಶ್ವರಯ್ಯನವರ ಒತ್ತಾಸೆ ಇತ್ತು. 1953ರಲ್ಲಿ ಎಚ್‌ಎಂಟಿ ಹುಟ್ಟಿತು. ಸ್ವಿಸ್ ನೆರವಿನಿಂದ 1959ರಲ್ಲಿ ಕೇರಳದ ನೆಟ್ಟೂರಿನಲ್ಲಿ ಶುರುವಾದ ತಾಂತ್ರಿಕ ತರಬೇತಿ ಸಂಸ್ಥೆ ಎನ್‌ಟಿಟಿಎಫ್ ಇದೇ ಪೀಣ್ಯದಲ್ಲಿ ನೆಲೆಯೂರಿತು. 1972ರಲ್ಲಿ ಡೆನ್ಮಾರ್ಕಿನ ನೆರವಿನೊಂದಿಗೆ ಸರ್ಕಾರಿ ಟೂಲ್ ರೂಮ್, ಅಂದರೆ ಜಿಟಿಟಿಸಿ ಬಂತು. ಅಲ್ಲಿ ಟೂಲ್ ಅಂಡ್ ಡೈ ಡಿಪ್ಲೊಮಾ ಓದುವವರು ಮೂರು ವರ್ಷ ಕಲಿತು, ಮತ್ತೊಂದು ವರ್ಷವನ್ನು ಕಾರ್ಖಾನೆಯಲ್ಲೇ ಕಳೆಯುತ್ತಾರೆ. ಎಚ್‌ಎಂಟಿ, ಮೈಕೋ, ಬಿಇಎಲ್‌ಗಳಲ್ಲಿ ಕೈ ಪಳಗಿಸಿಕೊಂಡವರು ಹೊರಬಂದು ಒಂದು ಲೇತ್ ಇಟ್ಟು ಶುರು ಮಾಡಿದ ಶೆಡ್‌ಗಳು ಪೀಣ್ಯದಲ್ಲಿ ಎಷ್ಟಿಲ್ಲ? ಅಂದು ಆ ದೊಡ್ಡ ಕಾರ್ಖಾನೆಗಳು ಇವನು ನಾಳೆ ಹೋಗುತ್ತಾನೆ ಎಂದು ಕಲಿಸದೆ ಬಿಟ್ಟಿದ್ದರೆ ಈ ಬಡಾವಣೆಯಲ್ಲಿ ಅರ್ಧಕ್ಕರ್ಧ ಬೋರ್ಡುಗಳೇ ಇರುತ್ತಿರಲಿಲ್ಲ.

ಇನ್ನೊಂದು ಮಾತು. ನಮ್ಮ ಸೆಟ್ಟರ್ ಅಣ್ಣನಿಗೆ ಗೊತ್ತಿರುವುದು ಯಾವ ಕಾಗದದಲ್ಲೂ ಬರೆದಿಲ್ಲ. ಕಟಿಂಗ್ ಶಬ್ದ ಕೇಳಿ ಟೂಲ್ ಸವೆದಿದೆ ಎನ್ನುತ್ತಾರೆ. ಚಿಪ್ಸಿನ ಬಣ್ಣ ನೋಡಿ ಸ್ಪೀಡು ಜಾಸ್ತಿಯಾಯಿತು ಎನ್ನುತ್ತಾರೆ. ಅವರು ರಿಟೈರ್ ಆಗಿ ಊರಿಗೆ ಹೋದ ದಿನ ಅದೆಲ್ಲವೂ ಅವರ ಜೊತೆಗೇ ಹೋಗುತ್ತದೆ. ಅವರ ಪಕ್ಕದಲ್ಲಿ ವರ್ಷವರ್ಷವೂ ಒಬ್ಬ ವಿದ್ಯಾರ್ಥಿ ನಿಂತು, ಅವರು ಹೇಳಿದ್ದನ್ನು ಒಂದು ಪುಸ್ತಕದಲ್ಲಿ ಕನ್ನಡದಲ್ಲೇ ಬರೆದಿಟ್ಟರೆ ಅದು ಆ ಕಾರ್ಖಾನೆಯ ಆಸ್ತಿಯಾಗುತ್ತದೆ. ಹೊಸ ಆಪರೇಟರ್ ಬಂದಾಗ ಕೈಗೆ ಕೊಡಲು ಏನಾದರೂ ಇರುತ್ತದೆ.

ಈಗ ನನ್ನ ಬೇಡಿಕೆಗಳನ್ನು ಬಿಡಿಬಿಡಿಯಾಗಿ ಹೇಳುತ್ತೇನೆ. ಇವುಗಳಲ್ಲಿ ಹೆಚ್ಚಿನವಕ್ಕೆ ದುಡ್ಡು ಬೇಕಿಲ್ಲ.

ಮೊದಲನೆಯದು ಜೀವದ ಮಾತು. ಮೊದಲ ದಿನ ಯಾವ ಕೆಲಸ ಕೊಡುವ ಮೊದಲೂ ಸುರಕ್ಷತೆಯ ಬಗ್ಗೆ ಕೂರಿಸಿ ಹೇಳಿ. ತಿರುಗುವ ಮೆಷಿನ್ ಮುಂದೆ ಕೈಗವಸು ಹಾಕಬಾರದು, ಏಕೆಂದರೆ ಬಟ್ಟೆಯ ಎಳೆ ಸಿಕ್ಕಿಕೊಂಡರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಲೇತ್ ಚಕ್ಕಿನಲ್ಲಿ ಕೀ ಬಿಟ್ಟು ಸ್ವಿಚ್ ಒತ್ತಿದರೆ ಅದು ಹಾರಿ ಯಾರ ಎದೆಗೆ ಬಡಿಯುತ್ತದೋ ಹೇಳಲಾಗದು. ಚಿಪ್ಸನ್ನು ಕೊಕ್ಕೆಯಿಂದ ಎಳೆಯಬೇಕು, ಕೈಯಿಂದಲ್ಲ. ದುಪಟ್ಟಾ, ಜಡೆ, ತುಂಬುತೋಳು ಎಲ್ಲವನ್ನೂ ಕಟ್ಟಿಕೊಂಡೇ ಮೆಷಿನ್ ಹತ್ತಿರ ಬರಬೇಕು. ಡೋರ್ ಇಂಟರ್‌ಲಾಕನ್ನು ಬೈಪಾಸ್ ಮಾಡಿದ ಮೆಷಿನ್ನಿನಲ್ಲಿ ವಿದ್ಯಾರ್ಥಿಯನ್ನು ನಿಲ್ಲಿಸಲೇಬೇಡಿ. ಅಪಾಯಕಾರಿ ಯಂತ್ರದ ಮುಂದೆ 18 ತುಂಬದವರನ್ನು ನಿಲ್ಲಿಸುವ ಮೊದಲು ಅಪಾಯವೇನೆಂದು ಪೂರ್ತಿ ತಿಳಿಸಿರಬೇಕು, ಸಾಕಷ್ಟು ತರಬೇತಿ ಕೊಟ್ಟಿರಬೇಕು ಇಲ್ಲವೇ ಪಕ್ಕದಲ್ಲಿ ತಿಳಿದವರ ನಿಗಾ ಇರಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಹತ್ತನೇ ತರಗತಿ ಮುಗಿಸಿ ಡಿಪ್ಲೊಮಾಗೋ ಐಟಿಐಗೋ ಸೇರಿದವರಲ್ಲಿ ಕಾರ್ಖಾನೆಗೆ ಬರುವಾಗ 18 ತುಂಬಿರದವರೂ ಇರುತ್ತಾರೆ. ತುಂಬಿದವರ ಬೆರಳೂ ಬೆರಳೇ.

ಎರಡನೆಯದು, ಪ್ರತಿ ವಿದ್ಯಾರ್ಥಿಗೂ ಒಬ್ಬ ಹಿರಿಯರನ್ನು ಹೆಸರಿಟ್ಟು ಗೊತ್ತುಮಾಡಿ. ಯಾರನ್ನು ಕೇಳಬೇಕೆಂದು ಗೊತ್ತಿಲ್ಲದೆ ನಾವು ಬಾಯಿ ಮುಚ್ಚಿಕೊಂಡು ನಿಂತಿರುತ್ತೇವೆ. ಹಳ್ಳಿಯಿಂದ ಬಂದ ಹುಡುಗರಂತೂ ಬೈಸಿಕೊಳ್ಳುವ ಭಯಕ್ಕೆ ಗೊತ್ತಿಲ್ಲದ್ದನ್ನೂ ಗೊತ್ತು ಎಂದುಬಿಡುತ್ತಾರೆ. ಆ ಹಿರಿಯರಿಗೂ ಅದನ್ನೊಂದು ಹೊರೆಯಾಗಿ ಹೊರಿಸದೆ, ಅವರ ಕೆಲಸದ ಲೆಕ್ಕದಲ್ಲೇ ಸೇರಿಸಿ, ಗೌರವ ಕೊಡಿ.

ಮೂರನೆಯದು, ಹೊರಡುವ ಮುನ್ನ ಒಂದೇ ಒಂದು ಪಾರ್ಟನ್ನು ಮೊದಲಿಂದ ಕೊನೆವರೆಗೆ ನಮ್ಮ ಕೈಗೆ ಕೊಡಿ. ಡ್ರಾಯಿಂಗ್ ಓದುವುದು, ಬಾರ್ ಕತ್ತರಿಸುವುದು, ಟೂಲ್ ಆರಿಸುವುದು, ಸೆಟ್ಟಿಂಗ್ ನೋಡುವುದು, ಮೊದಲ ಪೀಸಿನ ಇನ್‌ಸ್ಪೆಕ್ಷನ್ ರಿಪೋರ್ಟ್ ಬರೆಯುವುದು, ಅದಕ್ಕೆ ಸಹಿ ಹಾಕಿಸಿಕೊಳ್ಳುವುದು. ಅದು ಒಂದು ಸಾದಾ ಬುಷ್ ಆದರೂ ಸಾಕು. ಹಾಗೆಯೇ ವಾರಕ್ಕೊಮ್ಮೆ ರಿಜೆಕ್ಷನ್ ಡಬ್ಬಿಯ ಮುಂದೆ ನಿಲ್ಲಿಸಿ ಒಂದೊಂದು ಜಾಬ್ ಯಾಕೆ ಅಲ್ಲಿ ಬಿತ್ತು ಎಂದು ಹೇಳಿಸಿ. ಕೆಟ್ಟ ಜಾಬಿನಿಂದ ಕಲಿಯುವಷ್ಟನ್ನು ಸರಿಯಾದ ಜಾಬಿನಿಂದ ಕಲಿಯಲಾಗದು.

ನಾಲ್ಕನೆಯದು ನಮ್ಮಂಥ ಹುಡುಗಿಯರ ಬಗ್ಗೆ. ಮೆಕ್ಯಾನಿಕಲ್ ಓದಿದ ಹುಡುಗಿ ಬಂದ ಕೂಡಲೇ ಕ್ವಾಲಿಟಿಗೆ ಹಾಕಿ, ಪ್ಯಾಕಿಂಗಿಗೆ ಹಾಕಿ ಎನ್ನುತ್ತೀರಿ. ಕಾಳಜಿಯಿಂದಲೇ ಹೇಳುತ್ತೀರಿ ಎಂದು ಬಲ್ಲೆ. ಇನ್‌ಸ್ಪೆಕ್ಷನ್ ಒಳ್ಳೆಯ ಕೆಲಸವೇ, ಆದರೆ ಮೆಷಿನ್ ಮುಟ್ಟದವಳು ಅಲ್ಲಿಯೂ ಅರ್ಧವನ್ನೇ ಅರ್ಥ ಮಾಡಿಕೊಳ್ಳುತ್ತಾಳೆ. ಚಿಲಕವಿರುವ, ನೀರಿರುವ ಒಂದು ಶೌಚಾಲಯ, ಬಟ್ಟೆ ಬದಲಿಸಲು ಒಂದು ಜಾಗ ಇದ್ದರೆ ನಮ್ಮಿಂದ ಆಗದ ಕೆಲಸ ಶಾಪ್ ಫ್ಲೋರಿನಲ್ಲಿ ಬಹಳ ಕಡಿಮೆ. ಇಷ್ಟು ಇಲ್ಲದ್ದಕ್ಕೇ ಹುಡುಗಿಯರನ್ನು ತೆಗೆದುಕೊಳ್ಳುವುದಿಲ್ಲ ಎನ್ನುವ ಕಾರ್ಖಾನೆಗಳಿವೆ. ಅದನ್ನು ಕಟ್ಟಿಸಿದರೆ ನಿಮ್ಮ ಹೆಣ್ಣು ಕೆಲಸಗಾರರಿಗೂ ಒಳ್ಳೆಯದಾಗುತ್ತದೆ.

ಐದನೆಯದು ಹಣದ ಮಾತು. 1961ರ ಅಪ್ರೆಂಟಿಸ್ ಕಾಯ್ದೆಯಡಿ ಒಪ್ಪಂದ ಮಾಡಿಕೊಂಡವರಿಗೆ ಸ್ಟೈಪೆಂಡ್ ಕೊಡಲೇಬೇಕು. 30 ಮತ್ತು ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. 4ರಿಂದ 29 ಜನರಿರುವ ಸಣ್ಣ ಸಂಸ್ಥೆಗಳು ಬಯಸಿದರೆ ತೆಗೆದುಕೊಳ್ಳಬಹುದು. ಸ್ಟೈಪೆಂಡಿನ ಒಂದು ಪಾಲನ್ನು ಸರ್ಕಾರವೇ ಭರಿಸುವ ಯೋಜನೆಗಳೂ ಇವೆ. ಅಪ್ರೆಂಟಿಸ್ ಎಂದರೆ ಕಲಿಯುವವನೇ ಹೊರತು ಕೆಲಸಗಾರನಲ್ಲ ಎಂದು ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಕಾಲೇಜಿನ ಇಂಟರ್ನ್‌ಶಿಪ್‌ಗೆ ಬರುವವರಲ್ಲಿ ಹೆಚ್ಚಿನವರು ಇಂಥ ಒಪ್ಪಂದದೊಳಗೆ ಇರುವುದಿಲ್ಲ, ಆದ್ದರಿಂದ ಅವರಿಗೆ ಕೊಡುವುದು ಬಿಡುವುದು ನಿಮ್ಮ ಮನಸ್ಸಿಗೆ ಬಿಟ್ಟದ್ದು. ದಾಸರಹಳ್ಳಿಯಲ್ಲೋ ಲಗ್ಗೆರೆಯಲ್ಲೋ ರೂಮು ಹಂಚಿಕೊಂಡು, ಊರಿಂದ ಅಕ್ಕಿ ತಂದು ಇಟ್ಟುಕೊಂಡು ಬರುವ ಮಕ್ಕಳಿವರು. ಬಸ್ಸಿನ ಖರ್ಚು, ಮಧ್ಯಾಹ್ನದ ಊಟ ಕೊಟ್ಟರೂ ಅವರಿಗೆ ಅದು ದೊಡ್ಡದು. ಪೂರ್ತಿ ಆಪರೇಟರ್ ಕೆಲಸವನ್ನೇ ಮಾಡಿಸಿಕೊಳ್ಳುವುದಾದರೆ ಪೂರ್ತಿ ಕೂಲಿಯನ್ನೇ ಕೊಡಿ. ಇಂಟರ್ನ್‌ಶಿಪ್ ಹೆಸರಲ್ಲಿ ಬಿಟ್ಟಿ ಪಾಳಿ ನಡೆಸಿಕೊಳ್ಳುವುದು ನ್ಯಾಯವಲ್ಲ.

ಕೊನೆಯದು, ಸರ್ಟಿಫಿಕೇಟನ್ನು ಗಳಿಸಿದವರಿಗೆ ಮಾತ್ರ ಕೊಡಿ. ಬಾರದೆ ಇದ್ದವರಿಗೂ ಅದೇ ಕಾಗದ ಕೊಟ್ಟರೆ ದಿನವೂ ಬೆಳಿಗ್ಗೆ ಬಂದು ಕೂಲೆಂಟ್ ವಾಸನೆಯಲ್ಲಿ ನಿಂತವರ ಕಾಗದಕ್ಕೂ ಬೆಲೆ ಹೋಗುತ್ತದೆ. ಏನು ಕಲಿತರು ಎಂದು ನಾಲ್ಕು ಸಾಲು ಬರೆದು ಕೊಡಿ: ಮೈಕ್ರೋಮೀಟರ್ ಓದಬಲ್ಲರು, ಆಫ್‌ಸೆಟ್ ಕೊಡಬಲ್ಲರು, ಡ್ರಾಯಿಂಗ್ ಬಿಡಿಸಿ ಹೇಳಬಲ್ಲರು. ಆಗ ಮುಂದಿನ ಕಾರ್ಖಾನೆಯವರಿಗೆ ಆ ಕಾಗದದಿಂದ ಉಪಯೋಗವಾಗುತ್ತದೆ. ನಮ್ಮ ಮೇಷ್ಟ್ರುಗಳನ್ನೂ ನಡುವೆ ಒಮ್ಮೆ ಕರೆಸಿಕೊಳ್ಳಿ. ತಮ್ಮ ವಿದ್ಯಾರ್ಥಿ ಎಲ್ಲಿ ನಿಂತಿದ್ದಾನೆ, ಏನು ಮಾಡುತ್ತಿದ್ದಾನೆ ಎಂದು ಅವರೂ ಕಣ್ಣಾರೆ ನೋಡಲಿ. ಕಾಲೇಜಿನ ಹಳೆಯ ಲೇತಿಗೂ ನಿಮ್ಮ ಹೊಸ ಮೆಷಿನ್ನಿಗೂ ನಡುವಿನ ಅಂತರ ಎಷ್ಟೆಂದು ಅವರಿಗೂ ತಿಳಿಯಲಿ.

ನಾವೂ ಸುಮ್ಮನೆ ಕೇಳುತ್ತಿಲ್ಲ. ಹೊತ್ತಿಗೆ ಸರಿಯಾಗಿ ಬರುತ್ತೇವೆ. ಮೊಬೈಲನ್ನು ಲಾಕರಿನಲ್ಲಿಟ್ಟು ಬರುತ್ತೇವೆ. ಕೊಟ್ಟ ಬರ್ ಕೆಲಸವನ್ನು ಕೊನೆಯ ಪಿನ್ನಿನವರೆಗೂ ಶುದ್ಧವಾಗಿ ಮಾಡುತ್ತೇವೆ. ಹೇಳಿಕೊಟ್ಟದ್ದನ್ನು ಬರೆದಿಟ್ಟುಕೊಂಡು ನಮ್ಮ ಕಿರಿಯರಿಗೆ ಹೇಳುತ್ತೇವೆ. ನಮ್ಮಲ್ಲಿ ಕೆಲವರು ಬೇರೆ ಕಡೆ ಹೋದರೂ ಇನ್ನು ಕೆಲವರು ನಿಮ್ಮಲ್ಲೇ ಉಳಿದು, ನಿಮ್ಮ ಮೆಷಿನ್ನುಗಳ ಸ್ವಭಾವ ತಿಳಿದ ಸೆಟ್ಟರ್‌ಗಳಾಗುತ್ತಾರೆ. ಅವರನ್ನು ಹುಡುಕಲು ನೀವು ಜಾಹೀರಾತು ಕೊಡಬೇಕಾಗುವುದಿಲ್ಲ.

ಈ ಸಲ ವಿದ್ಯಾರ್ಥಿಗಳು ಬಂದಾಗ ಒಬ್ಬ ಹಿರಿಯರ ಹೆಸರು, ಒಂದು ಡ್ರಾಯಿಂಗು, ಒಂದು ನೋಟ್‌ಬುಕ್ಕು ಸಿದ್ಧವಾಗಿಟ್ಟುಕೊಂಡಿರಿ. ಅವರು ಯಾಕೆ ಎಂದು ಕೇಳಿದಾಗ ಉತ್ತರ ಹೇಳಿ. ಕೇಳದೆ ಸುಮ್ಮನೆ ನಿಂತಿದ್ದರೆ ನೀವೇ ಕರೆದು ಹೇಳಿ.

ಇಂತಿ ನಿಮ್ಮ ವಿಶ್ವಾಸಿ,
ಪೀಣ್ಯದಲ್ಲಿ ಕೆಲಸ ಕಲಿತ ಒಬ್ಬ ಡಿಪ್ಲೊಮಾ ವಿದ್ಯಾರ್ಥಿನಿ